ಮನೆಗೆ ಮರಳಿದೆವು ಎನ್ನುವವರು: ಆಧುನಿಕ ಪೇಗನರಲ್ಲಿ ಧಾರ್ಮಿಕ ಅಸ್ಮಿತೆ

2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಮಂದಿ ತಮ್ಮ ಧರ್ಮ 'ಪೇಗನ್' ಎಂದು ಬರೆದರು. ಇನ್ನೂ 13,000ದಷ್ಟು ಜನ 'ವಿಕ್ಕಾ' ಎಂದು ಬರೆದರು. ನಮೂನೆಯಲ್ಲಿ ಈ ಹೆಸರುಗಳಿಗೆ ಪ್ರತ್ಯೇಕ ಚೌಕವಿರಲಿಲ್ಲ. 'ಇತರ ಧರ್ಮ' ಎಂಬಲ್ಲಿ ತಾವೇ ಬರೆಯಬೇಕಿತ್ತು. ಧರ್ಮದ ಪ್ರಶ್ನೆಗೆ ಉತ್ತರಿಸುವುದು ಕಡ್ಡಾಯವೂ ಆಗಿರಲಿಲ್ಲ. ಹತ್ತು ವರ್ಷಗಳ ಹಿಂದೆ ಪೇಗನ್ ಎಂದು ಬರೆದವರು 57,000ದಷ್ಟಿದ್ದರು. ಆರು ಕೋಟಿಗೆ ಸಮೀಪಿಸಿದ ಜನಸಂಖ್ಯೆಯಲ್ಲಿ ಇದು ಅತ್ಯಲ್ಪ ಪಾಲೇ ಸರಿ. ಅದೇ ಜನಗಣತಿಯಲ್ಲಿ ಕ್ರೈಸ್ತರ ಪ್ರಮಾಣ ಮೊದಲ ಬಾರಿಗೆ ಅರ್ಧಕ್ಕಿಂತ ಕೆಳಗಿಳಿದು ಶೇ. 46.2 ಆಯಿತು. ಆದರೆ ಈ ಎರಡು ಸಂಗತಿಗಳಿಗೆ ನೇರ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ದುಡುಕಾದೀತು. ಸಭೆಯ ಹೆಸರನ್ನು ಬಿಟ್ಟವರಲ್ಲಿ ಬಹುಪಾಲು ಜನ ಸೇರಿದ್ದು 'ಯಾವ ಧರ್ಮವೂ ಇಲ್ಲ' ಎನ್ನುವವರ ಸಾಲಿಗೆ, ಪೇಗನರ ಕಡೆಗಲ್ಲ.

ಸಂಖ್ಯೆಗಿಂತ ನಮ್ಮನ್ನು ಯೋಚನೆಗೆ ಹಚ್ಚಬೇಕಾದದ್ದು ಬೇರೆ. ಈ ಜನರ ಬಳಿಗೆ ಯಾವ ಮಿಶನರಿಯೂ ಹೋಗಲಿಲ್ಲ. ಇವರಿಗೆ ಸರ್ವಸಮ್ಮತವಾದ ವಿಶ್ವಾಸಪ್ರಮಾಣವಿಲ್ಲ, ಒಂದೇ ಪವಿತ್ರಗ್ರಂಥವಿಲ್ಲ, ಸದಸ್ಯರ ಹೆಸರು ಬರೆದಿಡುವ ಸಭಾಪುಸ್ತಕವಿಲ್ಲ. ಇವರಲ್ಲಿ ಹೆಚ್ಚಿನವರು ಈ ಧರ್ಮದಲ್ಲಿ ಹುಟ್ಟಿದವರೂ ಅಲ್ಲ. ಹಾಗಿದ್ದರೆ ಒಬ್ಬ ವ್ಯಕ್ತಿ ಒಂದು ದಿನ 'ನಾನು ಪೇಗನ್' ಎಂದು ಹೇಳಿಕೊಳ್ಳುವ ಹಂತವನ್ನು ಮುಟ್ಟುವುದಾದರೂ ಹೇಗೆ? ಧಾರ್ಮಿಕ ಅಸ್ಮಿತೆಯನ್ನು ಹುಟ್ಟು, ದೀಕ್ಷಾಸ್ನಾನ, ನಂಬಿಕೆಯ ಅರಿಕೆ ಎಂಬ ಮೆಟ್ಟಿಲುಗಳಲ್ಲಿ ಕಂಡು ರೂಢಿಯಾದ ನಮಗೆ ಈ ಪ್ರಶ್ನೆ ಸುಲಭದ್ದಲ್ಲ.

ಮೊದಲು ಹೆಸರಿನ ವಿಚಾರ. ಲ್ಯಾಟಿನ್ ಭಾಷೆಯಲ್ಲಿ 'ಪಗಾನುಸ್' ಎಂದರೆ ಹಳ್ಳಿಗ. ಸೈನಿಕನಲ್ಲದ ಸಾಮಾನ್ಯ ನಾಗರಿಕ ಎಂಬ ಅರ್ಥವೂ ಅದಕ್ಕಿತ್ತು. ನಾಲ್ಕನೆಯ ಶತಮಾನದ ಕ್ರೈಸ್ತರು ಈ ಪದವನ್ನು ತಮ್ಮ ಸಭೆಯ ಹೊರಗಿದ್ದ, ಯೆಹೂದ್ಯರೂ ಅಲ್ಲದ ಎಲ್ಲರಿಗೂ ಅನ್ವಯಿಸಿದರು. ಅಲ್ಲಿಯವರೆಗೆ ಜ್ಯೂಪಿಟರನ ಗುಡಿಗೂ ಐಸಿಸ್ ದೇವಿಯ ಗುಡಿಗೂ ಹೋಗುತ್ತಿದ್ದ ರೋಮಿನ ಗೃಹಸ್ಥನು ತನ್ನನ್ನು 'ಪೇಗನ್' ಎಂದು ಕರೆದುಕೊಂಡವನಲ್ಲ; ತನ್ನದು ಒಂದು ಪ್ರತ್ಯೇಕ 'ಧರ್ಮ' ಎಂಬ ಕಲ್ಪನೆಯೂ ಅವನಿಗೆ ಇದ್ದಿರಲಾರದು. ಜರ್ಮನ್ ಭಾಷೆಯ 'ಹೈಡನ್', ಇಂಗ್ಲಿಷಿನ 'ಹೀದನ್' ಪದಗಳ ಕಥೆಯೂ ಬಹುಮಟ್ಟಿಗೆ ಇದೇ. ಈ ಪದ ನಮ್ಮ ಕರಾವಳಿಗೆ ಅಪರಿಚಿತವಲ್ಲ. ಬಾಸೆಲ್ ಮಿಶನ್ 1828ರಿಂದ ಹೊರಡಿಸಿದ ಪತ್ರಿಕೆಯ ಹೆಸರಿನಲ್ಲೇ ಅದು ಕುಳಿತಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದವರು ಬರೆದು ಕಳುಹಿಸಿದ ವರದಿಗಳನ್ನು ಯೂರೋಪಿನ ವಿಶ್ವಾಸಿಗಳು ಓದಿದ್ದು ಆ ಹೆಸರಿನಡಿಯಲ್ಲಿ. ಕೊಟ್ಟವರ ಬಾಯಲ್ಲಿ ಅದು ಕೊರತೆಯ ಹೆಸರು, ಇನ್ನೂ ಬೆಳಕು ಕಾಣದವರ ಹೆಸರು.

ಇಂದು ಯೂರೋಪ್ ಮತ್ತು ಅಮೆರಿಕಗಳಲ್ಲಿ ಜರ್ಮಾನಿಕ್ ದೇವತೆಗಳನ್ನು ಪೂಜಿಸುವವರು ತಮ್ಮನ್ನು ಹೆಮ್ಮೆಯಿಂದ 'ಹೀದನ್' ಎಂದು ಕರೆದುಕೊಳ್ಳುತ್ತಾರೆ. ಒಂದು ಕಾಲದಲ್ಲಿ ಮರಣದಂಡನೆಗೆ ಕಾರಣವಾಗುತ್ತಿದ್ದ 'ಮಾಟಗಾತಿ' ಎಂಬ ಬಿರುದನ್ನು ವಿಕ್ಕಾ ಪಂಥದ ಸ್ತ್ರೀಪುರುಷರು ತಾವಾಗಿ ಧರಿಸುತ್ತಾರೆ. ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಮೊದಲು ಅಪೊಸ್ತಲರ ಕೃತ್ಯಗಳ ಹನ್ನೊಂದನೆಯ ಅಧ್ಯಾಯವನ್ನು ನೆನೆಯಬೇಕು. ಅಂತಿಯೋಕ್ಯದಲ್ಲಿ ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಬಂತೆಂದು ಅಲ್ಲಿ ಓದುತ್ತೇವೆ; ಅದು ಹೊರಗಿನವರು ಇಟ್ಟ ಹೆಸರೆಂದೇ ಬಹುತೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಪರರು ಎಸೆದ ಹೆಸರನ್ನು ಎತ್ತಿ ಮುಡಿಗೇರಿಸಿಕೊಳ್ಳುವುದು ಹೊಸ ಧಾರ್ಮಿಕ ಅಸ್ಮಿತೆಯ ಹಳೆಯ ದಾರಿ. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಕ್ರೈಸ್ತ ಸಭೆ ಎಳೆದ ಗೆರೆಯ ಹೊರಗೆ ನಿಂತವರಿಗೆಲ್ಲ ಒಂದೇ ಹೆಸರು ಬಂದದ್ದರಿಂದಲೇ ಕೆಲ್ಟಿಕ್, ಗ್ರೀಕ್, ನಾರ್ಸ್ ದೇವತೆಗಳ ಭಕ್ತರು ಇಂದು ಒಂದೇ ಕುಟುಂಬವೆಂದು ತಮ್ಮನ್ನು ಭಾವಿಸುವುದು ಸಾಧ್ಯವಾಗಿದೆ. ಪೇಗನ್ ಅಸ್ಮಿತೆಯ ಹೊರಗೆರೆಯನ್ನು ಬರೆದದ್ದು ಸಭೆಯ ಕೈ. ಒಳಗಿನ ಬಣ್ಣ ಮಾತ್ರ ಅವರದು.

ಆ ಬಣ್ಣ ಎಷ್ಟು ಹಳೆಯದು? ವಿಕ್ಕಾವನ್ನು ಜಗತ್ತಿಗೆ ಪರಿಚಯಿಸಿದ ಜೆರಾಲ್ಡ್ ಗಾರ್ಡ್ನರ್ (1884–1964) ಸಿಲೋನಿನ ಚಹಾ ತೋಟಗಳಲ್ಲೂ ಮಲಯದ ರಬ್ಬರ್ ತೋಟಗಳಲ್ಲೂ ದುಡಿದು, ಅಲ್ಲಿಯ ಸುಂಕದ ಇಲಾಖೆಯಿಂದ ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದವನು. ನ್ಯೂ ಫಾರೆಸ್ಟ್ ಪ್ರದೇಶದಲ್ಲಿ ಉಳಿದುಬಂದಿದ್ದ ಪ್ರಾಚೀನ ಮಾಟಗಾರರ ಕೂಟವೊಂದು 1939ರಲ್ಲಿ ತನಗೆ ದೀಕ್ಷೆ ಕೊಟ್ಟಿತೆಂದು ಅವನು ಹೇಳಿಕೊಂಡನು. 1735ರ ಮಾಟದ ಕಾಯಿದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವನ ಪ್ರಸಿದ್ಧ ಪುಸ್ತಕ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವಳು ಮಾರ್ಗರೆಟ್ ಮರ್ರೆ. ಯೂರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ನಿಜವಾಗಿ ಕ್ರೈಸ್ತಪೂರ್ವ ಧರ್ಮವೊಂದರ ಅನುಯಾಯಿಗಳೆಂದು 1921ರಲ್ಲೇ ವಾದಿಸಿದ್ದ ವಿದುಷಿ ಅವಳು. ಆ ವಾದವನ್ನು ಮುಂದಿನ ಇತಿಹಾಸಕಾರರು ಒಪ್ಪಲಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ 1999ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನದಲ್ಲಿ, ವಿಕ್ಕಾದ ಘಟಕಗಳು ರೊಮ್ಯಾಂಟಿಕ್ ಕಾವ್ಯ, ಫ್ರೀಮೇಸನರ ದೀಕ್ಷಾಕ್ರಮ, ಹತ್ತೊಂಬತ್ತನೆಯ ಶತಮಾನದ ಮಾಂತ್ರಿಕ ಸಂಘಗಳು, ಜಾನಪದ ಸಂಗ್ರಹಗಳು ಮುಂತಾದವುಗಳಿಂದ ಹೇಗೆ ಬಂದು ಕೂಡಿಕೊಂಡವು ಎಂಬುದನ್ನು ಎಳೆಎಳೆಯಾಗಿ ತೋರಿಸಿದರು. (ಹಟನ್ ಹುಟ್ಟಿದ್ದು ನಮ್ಮ ನೆರೆಯ ಊಟಿಯಲ್ಲಿ, 1953ರಲ್ಲಿ.)

ಇತಿಹಾಸದ ಆಧಾರ ಕುಸಿದಾಗ ಆ ಧರ್ಮವೂ ಕುಸಿಯಬೇಕಿತ್ತೆಂದು ನಮಗೆ ತೋರುತ್ತದೆ. ಕುಸಿಯಲಿಲ್ಲ. ಕೆಲವರು ಹಟನ್‌ರ ವಿರುದ್ಧ ಕೆರಳಿದ್ದು ನಿಜ. ಆದರೆ ಅಮೆರಿಕದ ಬಹಳಷ್ಟು ಪೇಗನರು ಅದಕ್ಕೆ ಎಷ್ಟೋ ಮೊದಲೇ ತಮ್ಮ ಮೂಲಕಥೆಯನ್ನು ಚರಿತ್ರೆಯಾಗಿ ಅಲ್ಲ, ಪುರಾಣವಾಗಿ ಓದತೊಡಗಿದ್ದರು. ಡೊರೀನ್ ವ್ಯಾಲಿಯೆಂಟಿಯ ಪ್ರಸಂಗ ಇಲ್ಲಿ ಬೋಧಪ್ರದ. 1953ರಲ್ಲಿ ಗಾರ್ಡ್ನರನಿಂದ ದೀಕ್ಷೆ ಪಡೆದ ಈಕೆ, ಪ್ರಾಚೀನವೆಂದು ತನ್ನ ಕೈಗೆ ಬಂದ ಆಚರಣಾಪಾಠಗಳಲ್ಲಿ ಇಪ್ಪತ್ತನೆಯ ಶತಮಾನದ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಸಾಲುಗಳನ್ನು ಗುರುತಿಸಿದಳು. ಗುರುತಿಸಿ, ಬಿಟ್ಟುಹೋಗಲಿಲ್ಲ, ಆ ಪಾಠಗಳನ್ನು ತಾನೇ ತಿದ್ದಿ ಹೊಸದಾಗಿ ಬರೆದಳು. ದೇವಿಯೇ ಮಾತಾಡುವಂತೆ ಅವಳು ರಚಿಸಿದ ಗದ್ಯಭಾಗ ಇಂದು ವಿಕ್ಕಾ ಪಂಥದ ಅತಿ ಗೌರವಾನ್ವಿತ ಪಾಠಗಳಲ್ಲೊಂದು. ಬರೆದ ಕೈ ಯಾವುದೆಂದು ಎಲ್ಲರಿಗೂ ಗೊತ್ತು, ಆದರೂ ಅದು ಪವಿತ್ರ. ಪ್ರಕಟನೆಯೂ ಚರಿತ್ರೆಯೂ ಬಿಡಿಸಲಾಗದಂತೆ ಹೆಣೆದುಕೊಂಡಿರುವ ನಮ್ಮ ನಂಬಿಕೆಗೆ ಇದು ಅರ್ಥವಾಗದ ನಿಲುವು. ಪುನರುತ್ಥಾನವು ನಡೆದೇ ಇಲ್ಲದಿದ್ದರೆ ಎಂಬ ಪ್ರಶ್ನೆಯನ್ನು ಪೌಲನು ಕೊರಿಂಥದವರ ಮುಂದೆ ಇಟ್ಟಷ್ಟು ಕಟುವಾಗಿ ಪೇಗನನ ಮುಂದೆ ಇಡಲಾಗದು. ಅವನ ಅಸ್ಮಿತೆ ನಿಂತಿರುವುದು ಅಂಥ ಅಡಿಗಲ್ಲಿನ ಮೇಲಲ್ಲ.

ಹಾಗಾದರೆ ಯಾವುದರ ಮೇಲೆ? ಪೇಗನರನ್ನೇ ಕೇಳಿದರೆ ಬರುವ ಉತ್ತರ ಆಶ್ಚರ್ಯಕರವಾಗಿ ಏಕರೂಪವಾಗಿದೆ: 'ನಾನು ಮತಾಂತರ ಹೊಂದಲಿಲ್ಲ, ಮನೆಗೆ ಮರಳಿದೆ.' ತಾನು ಮೊದಲಿನಿಂದಲೂ ಹೀಗೆಯೇ ಇದ್ದೆ, ಅದಕ್ಕೊಂದು ಹೆಸರಿದೆ ಎಂಬುದು ಮಾತ್ರ ತಿಳಿದಿರಲಿಲ್ಲ, ಒಂದು ಪುಸ್ತಕದಲ್ಲೋ ಸ್ನೇಹಿತರ ಮನೆಯಲ್ಲೋ ಆ ಹೆಸರು ಸಿಕ್ಕಿತು ಎಂಬ ಧಾಟಿ. ಈ ಮಾತನ್ನು ವ್ಯಾಪಕವಾಗಿ ದಾಖಲಿಸಿದವರು ಅಮೆರಿಕದ ರೇಡಿಯೊ ಪತ್ರಕರ್ತೆ ಮಾರ್ಗೊ ಆಡ್ಲರ್ (1946–2014). ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರರ ಮೊಮ್ಮಗಳು. 1979ರಲ್ಲಿ ಬಂದ ಅವರ ಗ್ರಂಥ ಅಮೆರಿಕದ ಪೇಗನರ ಮೊದಲ ವಿಸ್ತೃತ ಚಿತ್ರಣ. ಲೇಖಕಿಯೂ ಆ ಸಮುದಾಯಕ್ಕೆ ಸೇರಿದವರೇ. ಶಾಲೆಯಲ್ಲಿ ಗ್ರೀಕ್ ಪುರಾಣಗಳನ್ನು ಓದುತ್ತಿದ್ದ ಬಾಲಕಿಗೆ ಆರ್ಟೆಮಿಸ್, ಅಥೀನಾ ದೇವಿಯರನ್ನು ಪೂಜಿಸುವುದಕ್ಕಿಂತ ಅವರೇ ಆಗಬೇಕೆಂಬ ಆಸೆಯಿತ್ತು. ಎಷ್ಟೋ ವರ್ಷಗಳ ಮೇಲೆ ಇಂಗ್ಲೆಂಡಿನಿಂದ ಬಂದ ಧ್ವನಿಸುರುಳಿಯೊಂದರಲ್ಲಿ ವಿಕ್ಕಾ ಆಚರಣೆಯನ್ನು ಕೇಳಿದಾಗ, ಆ ಬಾಲ್ಯದ ಆಸೆಗೆ ಅನುಮತಿ ದೊರೆತಂತೆ ಅವರಿಗೆ ಅನಿಸಿತು.

ಈ 'ಮತಾಂತರವಲ್ಲ' ಎಂಬ ಮಾತನ್ನು ಧರ್ಮಾಧ್ಯಯನದ ವಿದ್ವಾಂಸ ಯೂಜೀನ್ ಗ್ಯಾಲಗರ್ 1994ರ ಲೇಖನವೊಂದರಲ್ಲಿ ಪರೀಕ್ಷೆಗೆ ಒಡ್ಡಿದರು. ಒಳಗಿನವರು ಏನೇ ಹೇಳಲಿ, ಈ ಕಥನಗಳಲ್ಲಿ ಮತಾಂತರದ ಲಕ್ಷಣಗಳೆಲ್ಲ ಇವೆ ಎಂಬುದು ಅವರ ವಿಮರ್ಶೆಯ ಸಾರ. ನನಗೂ ಇದು ಸರಿಯೆನಿಸುತ್ತದೆ. ಹೊಸ ಹೆಸರು, ಹೊಸ ಸಂಗಡಿಗರು, ಹೊಸ ಪಂಚಾಂಗ, ಎಲ್ಲಕ್ಕಿಂತ ಮಿಗಿಲಾಗಿ ಗತಜೀವನದ ಹೊಸ ಓದು. ಪೇಗನರ ಉತ್ಸವಗಳನ್ನು ಅಧ್ಯಯನ ಮಾಡಿದ ಸಾರಾ ಪೈಕ್ ಗಮನಿಸಿದಂತೆ, ಅವರ ಆತ್ಮಕಥನಗಳಲ್ಲಿ ಬಾಲ್ಯಕ್ಕೆ ವಿಶೇಷ ಸ್ಥಾನ. ಒಂಟಿಯಾಗಿ ಮರದಡಿ ಕುಳಿತ ಮಗು, ಯಾರಿಗೂ ಕಾಣದ ಗೆಳೆಯರೊಡನೆ ಮಾತಾಡುತ್ತಿದ್ದ ಮಗು, ಚಂದ್ರನನ್ನು ಕಂಡು ಕಾರಣವಿಲ್ಲದೆ ಕಣ್ತುಂಬಿಕೊಂಡ ಮಗು. ಇಂಥ ನೆನಪುಗಳು ಎಲ್ಲರಿಗೂ ಇರುತ್ತವೆ. ಅವುಗಳಲ್ಲಿ ಯಾವುದನ್ನು ಎತ್ತಿ ಕಥೆಯ ಮೊದಲಿಗೆ ಇಡಬೇಕೆಂಬುದನ್ನು ಕಲಿಸುವುದು ಸಮುದಾಯ. ಹೊಸಬನು ಹಳಬರ ಕಥೆಗಳನ್ನು ಕೇಳುತ್ತ ಕೇಳುತ್ತ ತನ್ನ ಕಥೆಯನ್ನು ಹೇಳಲು ಕಲಿಯುತ್ತಾನೆ. ನಮ್ಮ ಪ್ರಾರ್ಥನಾಕೂಟಗಳಲ್ಲಿ 'ಸಾಕ್ಷಿ' ಹೇಳುವವರೂ ಹಾಗೆಯೇ ಕಲಿಯುತ್ತಾರಲ್ಲವೆ? ಅಗಸ್ಟೀನನು ತನ್ನ ಬಾಲ್ಯದ ಪೇರುಹಣ್ಣಿನ ಕಳ್ಳತನವನ್ನು ಎತ್ತಿ ನಿಲ್ಲಿಸಿದ್ದೂ ಮುಂದೆ ದೊರೆತ ಬೆಳಕಿನಲ್ಲಿ ಹಿಂದನ್ನು ಓದಿದ್ದರಿಂದಲೇ.

ಆದರೆ ಎರಡು ಕಥನಗಳ ತಿರುಳು ಒಂದೇ ಅಲ್ಲ. ಅಗಸ್ಟೀನನ ಬಾಲ್ಯ ಅವನ ಮೇಲೆ ದೋಷಾರೋಪ ಹೊರಿಸುತ್ತದೆ. ಪೇಗನನ ಬಾಲ್ಯ ಅವನನ್ನು ಸಮರ್ಥಿಸುತ್ತದೆ. ಕ್ರೈಸ್ತ ಸಾಕ್ಷಿಯ ನಡುವೆ ಒಂದು ಮುರಿತವಿದೆ, ಮಾನಸಾಂತರವಿದೆ, ಹಳೆಯ ಮನುಷ್ಯನ ಸಾವಿದೆ. ಮನೆಗೆ ಮರಳಿದವನ ಕಥೆಯಲ್ಲಿ ಸಾಯಬೇಕಾದವರು ಯಾರೂ ಇಲ್ಲ. ಅಲ್ಲಿ ದೋಷವಿದ್ದರೆ ಅದು ವ್ಯಕ್ತಿಯಲ್ಲಿ ಅಲ್ಲ, ಅವನ ನಿಜಸ್ವರೂಪವನ್ನು ಮರೆಮಾಡಿದ್ದ ಸಮಾಜದಲ್ಲಿ. ಈ ವ್ಯತ್ಯಾಸವನ್ನು ಮಸುಕು ಮಾಡುವುದರಿಂದ ಸಂವಾದಕ್ಕೆ ಪ್ರಯೋಜನವಿಲ್ಲ.

ಕಥನ ಒಂದು ಎಳೆ. ಅಭ್ಯಾಸ ಇನ್ನೊಂದು, ನನ್ನ ದೃಷ್ಟಿಯಲ್ಲಿ ಹೆಚ್ಚು ಗಟ್ಟಿಯಾದದ್ದು. ಗಾರ್ಡ್ನರ್ ಪರಂಪರೆಯ ಕೂಟಕ್ಕೆ ಸೇರಬಯಸುವವನಿಗೆ ಸಾಮಾನ್ಯವಾಗಿ ಒಂದು ವರ್ಷ ಮತ್ತೊಂದು ದಿನದ ಕಲಿಕೆಯ ಅವಧಿ. ಅನಂತರ ದೀಕ್ಷೆ, ಒಟ್ಟು ಮೂರು ಹಂತಗಳು. ದೀಕ್ಷೆಯ ಸಮಯದಲ್ಲಿ ಅವನು ಹೊಸ ಹೆಸರು ತಾಳುತ್ತಾನೆ. ಕೂಟದ ಆಚರಣಾಗ್ರಂಥವನ್ನು ತನ್ನ ಕೈಯಾರೆ ಪ್ರತಿಮಾಡಿಕೊಳ್ಳುತ್ತಾನೆ. ಮುದ್ರಣ ಸುಲಭವಾದ ಕಾಲದಲ್ಲಿ ಈ ಕೈಬರಹದ ಹಟ ವಿಚಿತ್ರವೆನಿಸಬಹುದು. ಆದರೆ ಪುಟ ಪುಟವನ್ನೂ ತಾನೇ ಬರೆದವನಿಗೆ ಆ ಪಾಠ ಮತ್ತೊಬ್ಬರದಾಗಿ ಉಳಿಯುವುದಿಲ್ಲ.

ವರ್ಷದ ಎಂಟು ಹಬ್ಬಗಳ ಚಕ್ರವೂ ಅಂಥದೇ ಸಾಧನ. ಎರಡು ಅಯನಗಳು, ಎರಡು ವಿಷುವಗಳು, ಅವುಗಳ ನಡುವೆ ಅಕ್ಟೋಬರ್ 31ರ ಸಾವಿನ್, ಮೇ ಮೊದಲ ದಿನದ ಬೆಲ್ಟೇನ್ ಮುಂತಾದ ನಾಲ್ಕು ಹಬ್ಬಗಳು. ಈ ಎಂಟನ್ನೂ ಒಂದೇ ಚಕ್ರವಾಗಿ ಜೋಡಿಸಿದ್ದು 1950ರ ದಶಕದಲ್ಲಿ. ಶರದೃತುವಿನ ವಿಷುವಕ್ಕೆ 'ಮಾಬನ್' ಎಂಬ ಹೆಸರು ಬಂದದ್ದು 1970ರ ದಶಕದ ಅಮೆರಿಕದಲ್ಲಿ. ಹಳೆಯದಲ್ಲದಿದ್ದರೂ ಅದು ಕೆಲಸ ಮಾಡುತ್ತದೆ. ನಗರದ ಕಚೇರಿಯಲ್ಲಿ ದುಡಿಯುವವನು ಆರೇಳು ವಾರಕ್ಕೊಮ್ಮೆ ಆಕಾಶವನ್ನೂ ಮಣ್ಣನ್ನೂ ನೋಡುವಂತೆ ಅದು ಮಾಡುತ್ತದೆ. ಆಸ್ಟ್ರೇಲಿಯದ ಪೇಗನರಿಗೆ ಇದು ತಲೆಕೆಳಗು: ಡಿಸೆಂಬರಿನಲ್ಲಿ ಅಲ್ಲಿ ಬಿರುಬೇಸಿಗೆ. ಅವರಲ್ಲಿ ಅನೇಕರು ಚಕ್ರವನ್ನು ಆರು ತಿಂಗಳು ತಿರುಗಿಸಿ ಚಳಿಗಾಲದ ಅಯನವನ್ನು ಜೂನಿನಲ್ಲಿ ಆಚರಿಸುತ್ತಾರೆ. ಬಂಗಾಳಕೊಲ್ಲಿಯಿಂದ ಅರಬ್ಬೀ ಸಮುದ್ರದವರೆಗೆ ಕ್ರಿಸ್ತಜಯಂತಿಗೆ ಹತ್ತಿಯ ಹಿಮವನ್ನು ಅಂಟಿಸುವ ನಾವು ಇದನ್ನು ಗಮನಿಸಬೇಕು.

ಮಾನವಶಾಸ್ತ್ರಜ್ಞೆ ಟಾನ್ಯಾ ಲೂರ್ಮನ್ 1980ರ ದಶಕದ ಆರಂಭದಲ್ಲಿ ಲಂಡನ್ನಿನ ಮಾಂತ್ರಿಕ ಕೂಟಗಳ ನಡುವೆ ಬಾಳಿ, ಅವರ ಅಭ್ಯಾಸಗಳನ್ನು ತಾವೂ ಮಾಡಿ, 1989ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಅವರು ಕಂಡವರು ಅನಕ್ಷರಸ್ಥರಲ್ಲ; ಓದಿದ ಮಧ್ಯಮವರ್ಗದವರು, ಕಂಪ್ಯೂಟರ್ ವೃತ್ತಿಯವರೂ ಅವರಲ್ಲಿದ್ದರು. ಇಂಥವರು ಮಾಟವನ್ನು ಹೇಗೆ ನಂಬುತ್ತಾರೆ ಎಂಬುದು ಅವರ ಪ್ರಶ್ನೆ. ಉತ್ತರ ಹೀಗಿದೆ. ಯಾರೂ ವಾದಕ್ಕೆ ಸೋತು ನಂಬಿದವರಲ್ಲ. ಕುತೂಹಲದಿಂದ ಬಂದರು, ಧ್ಯಾನಿಸಲು ಕಲಿತರು, ಮನಸ್ಸಿನಲ್ಲಿ ಚಿತ್ರಗಳನ್ನು ಸ್ಪಷ್ಟವಾಗಿ ಕಾಣುವ ವ್ಯಾಯಾಮವನ್ನು ದಿನವೂ ಮಾಡಿದರು, ಸಂಕೇತಗಳ ಭಾಷೆಯನ್ನು ಓದಿದರು. ನಿಧಾನವಾಗಿ ಅವರ ಗಮನದ ದಿಕ್ಕು ಬದಲಾಯಿತು. ಮೊದಲು ಕಾಕತಾಳೀಯವೆನಿಸುತ್ತಿದ್ದದ್ದು ಸೂಚನೆಯೆನಿಸತೊಡಗಿತು. ವ್ಯಾಖ್ಯಾನದ ಈ ಮೆಲ್ಲನೆಯ ಸರಿತವನ್ನು, ದಡ ದೂರವಾದದ್ದು ತಿಳಿಯದಂತೆ ದೋಣಿ ತೇಲಿಹೋಗುವ ಬಗೆಯನ್ನು, ಲೂರ್ಮನ್ ತಮ್ಮ ಸಿದ್ಧಾಂತದ ಕೇಂದ್ರವಾಗಿಸಿದರು. ಅಭ್ಯಾಸದ ದಿನಗಳಲ್ಲಿ ಒಂದು ಬೆಳಗ್ಗೆ ಎಚ್ಚರವಾದಾಗ ಕಿಟಕಿಯ ಬಳಿ ಆರು ಮಂದಿ ಡ್ರುಯಿಡರು ನಿಂತು ಕರೆಯುತ್ತಿದ್ದುದನ್ನು ಕಣ್ಣಾರೆ ಕಂಡೆನೆಂದು ಅವರು ಬರೆದಿದ್ದಾರೆ. ಅವರು ಪೇಗನರಾಗಲಿಲ್ಲ. ಆದರೆ ತರಬೇತಿಯು ಅನುಭವವನ್ನು ಹುಟ್ಟಿಸಬಲ್ಲದೆಂಬುದನ್ನು ಅಂದಿನಿಂದ ಅಲ್ಲಗಳೆಯಲೂ ಇಲ್ಲ.

ಅವರ ಮುಂದಿನ ಕೆಲಸ ನಮಗೆ ಇನ್ನಷ್ಟು ಹತ್ತಿರದ್ದು. 2012ರ ಗ್ರಂಥದಲ್ಲಿ ಅವರು ಅಮೆರಿಕದ ವಿನ್‌ಯಾರ್ಡ್ ಸಭೆಗಳ ವಿಶ್ವಾಸಿಗಳು ದೇವರ ಸ್ವರವನ್ನು ಕೇಳಲು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದರು. ಮುಂದೆ ಚೆನ್ನೈ ಮತ್ತು ಅಕ್ರಾ ನಗರಗಳ ಕರಿಸ್ಮ್ಯಾಟಿಕ್ ಸಭೆಗಳಲ್ಲೂ ಅದೇ ಪ್ರಶ್ನೆಯನ್ನು ಕೇಳಿದರು. ಪ್ರಾರ್ಥನೆಯೂ ಕಲಿತು ಬರುವ ಕೌಶಲ, ಮನಸ್ಸನ್ನು ಒಂದು ಬಗೆಯಲ್ಲಿ ಪಳಗಿಸುವ ಅಭ್ಯಾಸ ಎಂಬುದು ಅವರ ನಿಲುವು. ಇದರಿಂದ ಕೆಲವರು ಗಾಬರಿಗೊಳ್ಳಬಹುದು: ಹಾಗಾದರೆ ಪವಿತ್ರಾತ್ಮನ ಕೆಲಸವೆಲ್ಲಿ? ಆದರೆ ಆರಾಧನೆಯ ಕ್ರಮವು ನಂಬಿಕೆಯ ಕ್ರಮವನ್ನು ರೂಪಿಸುತ್ತದೆ ಎಂಬುದು ಪುರಾತನ ಸಭೆಯ ತಿಳಿವಳಿಕೆಯೇ. ಕೃಪೆಯು ಅಭ್ಯಾಸದ ಮೂಲಕ ಕೆಲಸ ಮಾಡುತ್ತದೆಂದು ಒಪ್ಪುವುದಕ್ಕೂ ಅಭ್ಯಾಸವೇ ಕೃಪೆಯೆನ್ನುವುದಕ್ಕೂ ಅಂತರವಿದೆ. ಲೂರ್ಮನ್ ಮೊದಲನೆಯದನ್ನು ಅಲ್ಲಗಳೆಯುವುದಿಲ್ಲ. ಎರಡನೆಯದನ್ನು ಹೇಳುವುದೂ ಇಲ್ಲ.

ಕೂಟವಿಲ್ಲದೆ, ಗುರುವಿಲ್ಲದೆ ಪೇಗನರಾಗುವವರೇ ಇಂದು ಹೆಚ್ಚು. ಸ್ಕಾಟ್ ಕನಿಂಗ್ಹ್ಯಾಮ್ 1988ರಲ್ಲಿ ಬರೆದ, ಒಂಟಿ ಸಾಧಕರಿಗಾಗಿ ಮೀಸಲಾದ ಕೈಪಿಡಿ ದೀಕ್ಷೆಯ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿತು: ತನಗೆ ತಾನೇ ದೀಕ್ಷೆ ಕೊಟ್ಟುಕೊಳ್ಳಬಹುದು. ಸಮಾಜಶಾಸ್ತ್ರಜ್ಞೆ ಹೆಲೆನ್ ಬರ್ಗರ್ ಅಮೆರಿಕದ ಪೇಗನರಲ್ಲಿ ಎರಡು ಬಾರಿ ನಡೆಸಿದ ದೊಡ್ಡ ಸಮೀಕ್ಷೆಗಳಲ್ಲಿ, ಒಂಟಿಯಾಗಿ ಸಾಧನೆ ಮಾಡುವವರು ಮೊದಲ ಸಲ ಸುಮಾರು ಅರ್ಧದಷ್ಟಿದ್ದರೆ ಎರಡನೆಯ ಸಲ ಮುಕ್ಕಾಲು ಪಾಲನ್ನು ದಾಟಿದ್ದರು. ಇದನ್ನು ಕಂಡು 'ಅಂಗಡಿಯ ಧರ್ಮ, ಬೇಕಾದುದನ್ನು ಆರಿಸಿಕೊಳ್ಳುವ ಗ್ರಾಹಕರ ಭಕ್ತಿ' ಎಂದು ಮೂಗು ಮುರಿಯುವುದು ಸುಲಭ. ಅಮೆರಿಕದ ಸೈನಿಕನೊಬ್ಬನ ಪ್ರಕರಣ ಬೇರೆ ಮಾತು ಹೇಳುತ್ತದೆ. 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಮಡಿದ ಅವನ ಸ್ಮಾರಕಫಲಕದ ಮೇಲೆ ವಿಕ್ಕಾದ ಪಂಚಕೋನ ನಕ್ಷತ್ರವನ್ನು ಕೆತ್ತಲು ಸರಕಾರ ಒಪ್ಪಲಿಲ್ಲ. ಶಿಲುಬೆಗೂ ದಾವೀದನ ನಕ್ಷತ್ರಕ್ಕೂ ಇದ್ದ ಅವಕಾಶ ಅದಕ್ಕಿರಲಿಲ್ಲ. ಅವನ ಪತ್ನಿ ಹೋರಾಡಿದಳು, ಇತರರು ನ್ಯಾಯಾಲಯಕ್ಕೆ ಹೋದರು, 2007ರ ಏಪ್ರಿಲಿನಲ್ಲಿ ಸರಕಾರ ಮಣಿಯಿತು. ಖಾಸಗಿಯಾಗಿ ಆರಿಸಿಕೊಂಡ ಅಸ್ಮಿತೆಯೂ ಕೊನೆಗೆ ಕಲ್ಲಿನ ಮೇಲೆ, ಎಲ್ಲರ ಕಣ್ಣೆದುರು, ನಿಲ್ಲಬಯಸುತ್ತದೆ.

ಇವರಲ್ಲಿ ಬಹಳಷ್ಟು ಮಂದಿ ಕ್ರೈಸ್ತ ಮನೆಗಳಲ್ಲಿ ಬೆಳೆದವರು. ಸಭೆಯ ಮೇಲಿನ ಸಿಟ್ಟೇ ಅವರನ್ನು ರೂಪಿಸಿತೆನ್ನುವುದು ಅರ್ಧಸತ್ಯ. ಏಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿ ಕ್ರೈಸ್ತ ದೈವಶಾಸ್ತ್ರವನ್ನು ಚೆನ್ನಾಗಿ ಬಲ್ಲ ಕ್ಯಾರಲ್ ಕ್ರೈಸ್ಟ್ 1978ರ ಪ್ರಸಿದ್ಧ ಪ್ರಬಂಧದಲ್ಲಿ ಸ್ತ್ರೀಯರಿಗೆ ದೇವಿ ಏಕೆ ಬೇಕೆಂಬುದನ್ನು ವಿವರಿಸಿದಾಗ, ಅವರ ವಾದ ಸಂಕೇತಗಳ ಬಲದ ಕುರಿತಾದದ್ದು: ದೇವರನ್ನು ಸದಾ ಪುರುಷರೂಪದಲ್ಲೇ ಕರೆಯುವ ಆರಾಧನೆ ಸ್ತ್ರೀಯ ಮನಸ್ಸಿನಲ್ಲಿ ತನ್ನ ದೇಹದ ಬಗೆಗೆ, ತನ್ನ ಅಧಿಕಾರದ ಬಗೆಗೆ ಏನನ್ನು ಬಿತ್ತುತ್ತದೆ? ಅದೇ ಪ್ರಶ್ನೆಯನ್ನು ಎತ್ತಿದ ರೋಸ್‌ಮೇರಿ ರ‍್ಯಾಡ್‌ಫರ್ಡ್ ರೂಥರ್ ಕಥೋಲಿಕ ಸಭೆಯಲ್ಲೇ ಉಳಿದರು. ಪ್ರಾಚೀನ ಮಾತೃಪ್ರಧಾನ ಸ್ವರ್ಣಯುಗದ ಕಥೆಯನ್ನು ಚರಿತ್ರೆಯೆಂದು ಒಪ್ಪಲು ನಿರಾಕರಿಸಿದರು. ಒಂದೇ ನೋವಿನಿಂದ ಇಬ್ಬರು ಹೊರಟು ಎರಡು ಊರು ಸೇರಿದರು. ರೂಥರರನ್ನು ಪಾಠಪಟ್ಟಿಯಲ್ಲಿ ಇಟ್ಟು ಕ್ರೈಸ್ಟರನ್ನು ಕೈಬಿಡುವುದರಿಂದ ಆ ನೋವು ನಮ್ಮ ವಿದ್ಯಾರ್ಥಿನಿಯರಿಗೆ ಅರ್ಧ ಮಾತ್ರ ಅರ್ಥವಾದೀತು.

ಇನ್ನು 'ಮನೆ' ಎಂಬ ಮಾತಿಗೇ ಬರೋಣ. ಯಾರ ಮನೆ? ವಿಕ್ಕಾದಲ್ಲಿ ಅದು ಬಹುಮಟ್ಟಿಗೆ ಒಳಮನಸ್ಸಿನ ಮನೆ. ಯಾರೂ ಒಳಗೆ ಬರಬಹುದು. ನಾರ್ಸ್ ದೇವತೆಗಳನ್ನು ಪೂಜಿಸುವ ಹೀದನರಲ್ಲಿ ಈ ಪ್ರಶ್ನೆ ರಕ್ತದವರೆಗೆ ಇಳಿದಿದೆ. ಪೂರ್ವಜರ ದೇವರುಗಳು ಆ ಪೂರ್ವಜರ ಸಂತತಿಗೆ ಮಾತ್ರ ಎನ್ನುವ ಪಂಗಡ ಒಂದು. ಕರೆ ಕೇಳಿದ ಯಾರಿಗಾದರೂ ಎನ್ನುವ ಪಂಗಡ ಇನ್ನೊಂದು. ಅಮೆರಿಕದ 'ಅಸಾತ್ರು ಫೋಕ್ ಅಸೆಂಬ್ಲಿ' ಮೊದಲನೆಯ ನಿಲುವಿನದು. 2016ರಲ್ಲಿ ಹಲವು ಹೀದನ್ ಸಂಘಟನೆಗಳು ಒಟ್ಟಾಗಿ, ಹಳೆಯ ನಾರ್ಸ್ ಕಾವ್ಯವೊಂದರ 127ನೆಯ ಪದ್ಯದ ಹೆಸರಿನಲ್ಲಿ ಘೋಷಣೆ ಹೊರಡಿಸಿ ಆ ಸಂಸ್ಥೆಯೊಂದಿಗಿನ ಸಂಬಂಧವನ್ನು ಕಡಿದುಕೊಂಡವು. ಐಸ್‌ಲೆಂಡಿನಲ್ಲಿ ರೈತನೂ ಕವಿಯೂ ಆದ ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್ 1972ರಲ್ಲಿ ಕಟ್ಟಿ, ಮರುವರ್ಷ ಸರಕಾರದ ಮಾನ್ಯತೆ ಪಡೆದ ಸಂಘ ವರ್ಣಭೇದವನ್ನು ತಿರಸ್ಕರಿಸುತ್ತದೆ. ಅದರ ಈಗಿನ ಮುಖಂಡ, ಸಂಗೀತಗಾರ ಹಿಲ್ಮರ್ ಹಿಲ್ಮರ್ಸನ್, ದೇವತೆಗಳ ಕಥೆಗಳನ್ನು ಅಕ್ಷರಾರ್ಥದಲ್ಲಿ ಅಲ್ಲ, ಕಾವ್ಯರೂಪಕಗಳಾಗಿ ಕಾಣುತ್ತಾರೆ.

ಲಿಥುವೇನಿಯದ ಕಥೆ ಬೇರೆ. 1387ರಲ್ಲಿ, ಯೂರೋಪಿನಲ್ಲಿ ಬಹು ತಡವಾಗಿ, ಕ್ರೈಸ್ತವಾದ ದೇಶ ಅದು. ಸೋವಿಯತ್ ಆಳ್ವಿಕೆಯಲ್ಲಿ, 1967ರಲ್ಲಿ, ಯೋನಾಸ್ ತ್ರಿಂಕೂನಾಸ್ (1939–2014) ಮತ್ತು ಗೆಳೆಯರು ಕೆರ್ನಾವೆಯ ಹಳೆಯ ಕೋಟೆದಿಬ್ಬಗಳ ಬಳಿ ನಡುಬೇಸಿಗೆಯ ಹಬ್ಬವನ್ನು ಮತ್ತೆ ಆಚರಿಸಿದರು. ಜಾನಪದ ಹಾಡು ಹಾಡುವುದೂ ಅಂದು ಪ್ರತಿರೋಧವಾಗಿತ್ತು. ಅವರು ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಅವರ 'ರೊಮುವಾ' ಸಮುದಾಯಕ್ಕೆ ಮಾನ್ಯತೆ ಕೊಡಲು ಸ್ವತಂತ್ರ ಲಿಥುವೇನಿಯದ ಸಂಸತ್ತು 2019ರಲ್ಲಿ ನಿರಾಕರಿಸಿದಾಗ, ಅದು ತಾರತಮ್ಯವೆಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಬಹುಸಂಖ್ಯಾತ ಕ್ರೈಸ್ತರ ನಡುವೆ ಅಲ್ಪಸಂಖ್ಯಾತ ಪೇಗನರು ಕೇಳಿದ್ದು, ನಮ್ಮ ನಾಡಿನಲ್ಲಿ ಅಲ್ಪಸಂಖ್ಯಾತರಾದ ನಾವು ಕೇಳುವುದನ್ನೇ.

ಯೂರೋಪಿನ ಇಂಥ ಸಮುದಾಯಗಳಿಗೆ ಭಾರತದೊಂದಿಗೆ ನಂಟೂ ಬೆಳೆದಿದೆ. ಪ್ರಾಚೀನ ಸಂಪ್ರದಾಯಗಳ ಹಿರಿಯರ ಅಂತರರಾಷ್ಟ್ರೀಯ ಸಮಾವೇಶವೊಂದು 2015ರಲ್ಲಿ ಮೈಸೂರಿನಲ್ಲೇ ನಡೆಯಿತು. ಇಲ್ಲಿ 'ಮನೆಗೆ ಮರಳುವುದು' ಎಂಬ ಮಾತಿಗೆ ನಮ್ಮ ಕಿವಿಯಲ್ಲಿ ಬೇರೊಂದು ಪ್ರತಿಧ್ವನಿಯಿದೆ. 2022ರ ಕರ್ನಾಟಕದ ಮತಾಂತರ ಸಂಬಂಧಿ ಕಾಯಿದೆ, ವ್ಯಕ್ತಿಯು ತನ್ನ ನಿಕಟಪೂರ್ವ ಧರ್ಮಕ್ಕೆ ಮರಳಿದರೆ ಅದನ್ನು ಮತಾಂತರವೆಂದು ಪರಿಗಣಿಸತಕ್ಕದ್ದಲ್ಲವೆಂದು ಹೇಳಿತು. ಪದ ಒಂದೇ ಆದರೂ ವ್ಯಾಕರಣ ಬೇರೆ. ಮಾರ್ಗೊ ಆಡ್ಲರ್ 'ನಾನು ಮನೆಗೆ ಬಂದೆ' ಎಂದಾಗ ಅದು ಉತ್ತಮ ಪುರುಷದ ವಾಕ್ಯ, ಒಬ್ಬಳ ಸಾಕ್ಷಿ. ಅದನ್ನು ಒಪ್ಪದಿರಬಹುದು, ಗೌರವಿಸದಿರಲಾಗದು. 'ಅದು ನಿನ್ನ ಮನೆ, ಹೋಗು' ಎಂದು ಮತ್ತೊಬ್ಬರು ಹೇಳಿದಾಗ ಅದು ಮಧ್ಯಮ ಪುರುಷಕ್ಕೆ ತಿರುಗಿ ಆಜ್ಞೆಯಾಗುತ್ತದೆ. ರಕ್ತದ ಹೆಸರಿನಲ್ಲಿ ಬಾಗಿಲು ಮುಚ್ಚುವ ಹೀದನನೂ, ರಕ್ತದ ಹೆಸರಿನಲ್ಲಿ ಬಾಗಿಲೊಳಕ್ಕೆ ಎಳೆಯುವವನೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಿದ್ದಾರೆ. ತಲೆಮಾರುಗಳ ಹಿಂದೆ ಒಂದ್ವೇಳೆ ನಾವೂ ದಲಿತರ ಕೇರಿಗಳಲ್ಲಿ, ಮೀನುಗಾರರ ಬೀದಿಗಳಲ್ಲಿ 'ನಿಮ್ಮ ಮನೆ ಇದು' ಎಂದು ಮಧ್ಯಮ ಪುರುಷದಲ್ಲೇ ಮಾತಾಡಿದ್ದೆವೇನೋ ಎಂಬುದನ್ನೂ ಈ ಸಂದರ್ಭದಲ್ಲಿ ಕೇಳಿಕೊಳ್ಳಬೇಕು.

ಪೇಗನರ ಮುಂದೆ ಈಗ ನಿಂತಿರುವ ಕಠಿಣ ಪ್ರಶ್ನೆ ಹೊರಗಿನದಲ್ಲ. ಅದು ಮಕ್ಕಳದು. ಪ್ರತಿಯೊಬ್ಬರೂ ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳಬೇಕೆಂಬ ತತ್ತ್ವವನ್ನು ಹಿಡಿದವರು ತಮ್ಮ ಮಗುವಿಗೆ ಏನನ್ನು ಕೊಡಬೇಕು? ಹೆಲೆನ್ ಬರ್ಗರ್ 1999ರ ತಮ್ಮ ಗ್ರಂಥದಲ್ಲಿ ಈ ಹಿಂಜರಿಕೆಯನ್ನು ದಾಖಲಿಸಿದ್ದಾರೆ. ತಂದೆತಾಯಿಗಳಿಗೆ ಮಕ್ಕಳು ಜೊತೆಗಿರಲಿ ಎಂಬ ಆಸೆ, ಹೇರಬಾರದೆಂಬ ಅಳುಕು. ವಿಕ್ಕಾದಲ್ಲಿ ಶಿಶುವನ್ನು ದೇವತೆಗಳಿಗೆ ಪರಿಚಯಿಸಿ ರಕ್ಷಣೆ ಬೇಡುವ ಒಂದು ಆಚರಣೆಯಿದೆ. ಶಿಶುದೀಕ್ಷಾಸ್ನಾನದಂತೆ ಕಂಡರೂ ಅದು ಮಗುವನ್ನು ಯಾವುದಕ್ಕೂ ಬದ್ಧಗೊಳಿಸುವುದಿಲ್ಲ. ದೊಡ್ಡದಾದ ಮೇಲೆ ತನ್ನ ದಾರಿಯನ್ನು ಅದೇ ಆರಿಸಲಿ ಎಂಬ ಮಾತನ್ನು ಆಚರಣೆಯಲ್ಲೇ ಸೇರಿಸಿರುತ್ತಾರೆ. ನಾವಾದರೋ ಮೊದಲು ಹೆಸರು ಕೊಟ್ಟು ಆಮೇಲೆ ದೃಢೀಕರಣದಲ್ಲಿ ಒಪ್ಪಿಗೆ ಕೇಳುತ್ತೇವೆ. ಆ ಒಪ್ಪಿಗೆ ಎಷ್ಟೋ ಸಲ ಬರಿಯ ವಾಡಿಕೆಯಾಗಿ ಉಳಿಯುತ್ತದೆಂಬುದು ಪ್ರತಿಯೊಬ್ಬ ಸಭಾಪಾಲಕನಿಗೂ ಗೊತ್ತು. ಅವರಿಗೆ ಬಂದಿರುವ ತೊಡಕು ಇದಕ್ಕೆ ತದ್ವಿರುದ್ಧವಾದದ್ದು. ಮನೆಗೆ ಮರಳಿದ ಕಥೆಯೇ ಅಸ್ಮಿತೆಯ ಬೆನ್ನೆಲುಬಾದ ಕಡೆ, ಎಂಟು ಹಬ್ಬಗಳನ್ನೂ ಅಡುಗೆಮನೆಯ ಪರಿಮಳದೊಂದಿಗೆ ಉಂಡು ಬೆಳೆದ ಮಗುವಿಗೆ ಹೇಳಲು ಅಂಥ ಕಥೆಯಿಲ್ಲ. ಅದು ಮನೆ ಬಿಟ್ಟು ಹೋದದ್ದೇ ಇಲ್ಲ. ಅಂಥ ಮಕ್ಕಳಲ್ಲಿ ಕೆಲವರು ಹದಿಹರೆಯದಲ್ಲಿ ಮತ್ತೆ ದೀಕ್ಷೆ ಕೇಳುತ್ತಾರೆ, ಕೆಲವರು ಯಾವ ಹೆಸರೂ ಇಲ್ಲದೆ ಹಬ್ಬಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಕೆಲವರು ಜನಗಣತಿಯ ನಮೂನೆಯಲ್ಲಿ ಆ ಸಾಲನ್ನು ಖಾಲಿ ಬಿಡುತ್ತಾರೆ.